ತಲಕಾಡಿನ ಮರಳೂ ಮನಸ್ಸಿನ ವಿಷಾದವೂ

ನಂಜನಗೂಡಿನಿಂದ ಕಪಿಲೆಯ ದಡ ಹಿಡಿದು ಹೊರಟವನು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕಾಣುತ್ತಾನೆ. ಅಲ್ಲಿಂದ ಹೊಳೆಯ ಜೊತೆಯಲ್ಲಿಯೇ ಮುಂದೆ ನಡೆದರೆ ತಲಕಾಡನ್ನು ಮುಟ್ಟುತ್ತಾನೆ. ಈ ದಾರಿಯಲ್ಲಿ ಮೂರು ಕಥೆಗಳುಂಟು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ನಂಜುಂಡೇಶ್ವರನ ಕೃಪೆಯಿಂದ ವಾಸಿಯಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು 'ಹಕೀಮ್ ನಂಜುಂಡ'ನೆಂದು ಕರೆದನೆಂದೂ ನಂಜನಗೂಡಿನಲ್ಲಿ ಹೇಳುತ್ತಾರೆ. ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿರುವ ಗುಲಗಂಜಿ, ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚಿನದೆಂಬುದಕ್ಕೆ ಗುರುತಂತೆ. ತಲಕಾಡಿನಲ್ಲಿ ಕೇಳಬರುವುದು ಶಾಪದ ಕಥೆ. ಮೊದಲನೆಯದು ಕೃತಜ್ಞತೆಯಿಂದ ಹುಟ್ಟಿತು, ಎರಡನೆಯದು ಊರಭಿಮಾನದಿಂದ, ಮೂರನೆಯದು ವಿಷಾದದಿಂದ. ನಮ್ಮ ಬುದ್ಧಿಯನ್ನು ಬಲವಾಗಿ ಕಟ್ಟಿಹಾಕಿರುವುದು ಈ ಮೂರನೆಯದು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಪತ್ನಿ ಅಲಮೇಲಮ್ಮ. ಆಕೆಯ ಒಡವೆಗಳಿಗಾಗಿ ಭಟರು ಬೆನ್ನಟ್ಟಿ ಬಂದಾಗ, ತಲಕಾಡನ್ನು ಮರಳು ನುಂಗಲಿ, ಎದುರು ದಡದ ಮಾಲಂಗಿಯ ಬಳಿ ಹೊಳೆ ಆಳವಾದ ಮಡುವಾಗಲಿ, ಮೈಸೂರಿನ ಅರಸುಮನೆತನಕ್ಕೆ ಸಂತಾನವಿಲ್ಲದೆ ಹೋಗಲಿ ಎಂದು ಶಪಿಸಿ ಆಕೆ ಕಾವೇರಿಗೆ ಹಾರಿದಳೆಂದು ಐತಿಹ್ಯ.

ತಲಕಾಡನ್ನು ಕಂಡವರಿಗೆ ಇದನ್ನು ನಂಬಬೇಕೆನಿಸುವುದು ಸಹಜ. ಗಂಗರ ರಾಜಧಾನಿಯಾಗಿದ್ದ ಊರು ಅದು; ಚೋಳರನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ ಊರು. ಇಂದು ಅಲ್ಲಿ ಮರಳಿನ ದಿಬ್ಬಗಳ ನಡುವೆ ಗುಡಿಗಳನ್ನು ಹುಡುಕಿಕೊಂಡು ನಡೆಯಬೇಕು; ಕೆಲವು ಗುಡಿಗಳಿಗೆ ಹಳ್ಳಕ್ಕೆ ಇಳಿದಂತೆ ಇಳಿಯಬೇಕು. ಅಂಥ ಸ್ಥಳದಲ್ಲಿ ಮನಸ್ಸು ಮಂಕಾಗುತ್ತದೆ. ಮಂಕಾದ ಮನಸ್ಸು ಕಾರಣವನ್ನು ಹುಡುಕುವುದಿಲ್ಲ, ಅಪರಾಧಿಯನ್ನು ಹುಡುಕುತ್ತದೆ.

ಕಾರಣವಾದರೂ ಅಲ್ಲಿಯೇ ಕಣ್ಣೆದುರಿನಲ್ಲಿದೆ. ಹೊಳೆ ತಿರುಗುವೆಡೆಯಲ್ಲಿ ಹೊರಬದಿಯ ನೀರು ರಭಸದಿಂದ ಹರಿದು ದಡವನ್ನು ಕೊರೆಯುತ್ತದೆ. ಒಳಬದಿಯಲ್ಲಿ ವೇಗ ತಗ್ಗಿ, ಹೊತ್ತುತಂದ ಮರಳು ಕೆಳಗೆ ಕೂರುತ್ತದೆ. ಒಂದು ಬದಿಯಲ್ಲಿ ಮಡು, ಇನ್ನೊಂದು ಬದಿಯಲ್ಲಿ ಮರಳು: ಶಾಪದ ಎರಡು ಮಾತುಗಳು ನಿಸರ್ಗದ ಒಂದೇ ನಿಯಮದ ಎರಡು ಮುಖಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಈ ಮರಳು ಬಯಲಾಗಿ ಒಣಗುತ್ತದೆ. ನೈಋತ್ಯದ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಕಣಗಳು ನೆಲದ ಮೇಲೆಯೇ ಕುಪ್ಪಳಿಸುತ್ತ ಸಾಗಿ, ಗೋಡೆಯೋ ಗುಡಿಯೋ ಅಡ್ಡ ಬಂದಲ್ಲಿ ಗುಡ್ಡೆ ಬೀಳುತ್ತವೆ. ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಮಾಧವಮಂತ್ರಿ ಅಣೆಯೂ ಹೊಳೆಯ ಹರಿವನ್ನು ಬದಲಿಸಿ ಮರಳಿಗೆ ದಾರಿಮಾಡಿತೆಂದು ಹಲವರು ತರ್ಕಿಸುತ್ತಾರೆ. ಭೂಸ್ತರಗಳ ಚಲನೆಯೂ ಸೇರಿರಬಹುದೆಂದು ಭೂವಿಜ್ಞಾನಿಗಳು ಸೂಚಿಸಿದ್ದಾರೆ. ಅಣೆ 14ನೆಯ ಶತಮಾನದ್ದು. ಶಾಪಕ್ಕಿಂತ ಎರಡು ಶತಮಾನಗಳಿಗೂ ಹಿಂದಿನದು.

ಇನ್ನು ಸಂತಾನದ ಮಾತು. ಒಂದು ತಲೆ ಬಿಟ್ಟು ಒಂದು ತಲೆಗೆ ಅರಸರಿಗೆ ಮಕ್ಕಳಿಲ್ಲವೆಂದು ಜನ ಹೇಳುತ್ತಾರೆ. ಆದರೆ ಚಿಕ್ಕದೇವರಾಜ ಒಡೆಯರ ಮಗ ಕಂಠೀರವ ನರಸರಾಜರು, ಅವರ ಮಗ ದೊಡ್ಡ ಕೃಷ್ಣರಾಜರು. 1673ರಿಂದ 1732ರವರೆಗೆ ಪಟ್ಟವು ತಂದೆಯಿಂದ ಮಗನಿಗೇ ಬಂದಿತು. ಇದನ್ನು ಯಾರೂ ಎಣಿಕೆಗೆ ಹಿಡಿಯುವುದಿಲ್ಲ. 2013ರಲ್ಲಿ ಶ್ರೀಕಂಠದತ್ತ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಾಗ ಶಾಪ ಫಲಿಸಿತೆಂದರು. ಅವರ ಬಳಿಕ ದತ್ತುಬಂದ ಯದುವೀರರಿಗೆ 2017ರಲ್ಲಿ ಮಗನು ಹುಟ್ಟಿದಾಗ ಶಾಪ ವಿಮೋಚನೆಯಾಯಿತೆಂದರು. ಏನು ನಡೆದರೂ ಗೆಲ್ಲುವ ಮಾತು ಏನನ್ನೂ ತಿಳಿಸದ ಮಾತು.

ಇದು ನಮ್ಮೊಬ್ಬರ ದೌರ್ಬಲ್ಯವಲ್ಲ. ಈ ಘಟನೆಯಾಗಿ ಹತ್ತೇ ವರ್ಷಗಳ ಮೇಲೆ, 1620ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ತನ್ನ ಗ್ರಂಥವೊಂದರಲ್ಲಿ ಹಳೆಯ ಪ್ರಸಂಗವೊಂದನ್ನು ನೆನೆದನು. ಹರಕೆ ಹೊತ್ತು ಹಡಗಿನ ಅಪಘಾತದಿಂದ ಪಾರಾದವರ ಚಿತ್ರಗಳನ್ನು ಗುಡಿಯಲ್ಲಿ ತೋರಿಸಿದಾಗ, ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಒಬ್ಬನು ಕೇಳಿದನಂತೆ. ವಿಜ್ಞಾನವನ್ನು ಓದುವವರು ಬಾಯಿಪಾಠ ಮಾಡಬೇಕಾದ ಪ್ರಶ್ನೆ ಅದು.

ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1514ರಲ್ಲಿ ವಿಷಾದವನ್ನೇ ಒಂದು ಚಿತ್ರವಾಗಿ ಕೆತ್ತಿದನು. ರೆಕ್ಕೆಯುಳ್ಳ ಸ್ತ್ರೀಯೊಬ್ಬಳು ಕೆನ್ನೆಗೆ ಕೈಯೂರಿ ಕುಳಿತಿದ್ದಾಳೆ. ಸುತ್ತಲೂ ತಕ್ಕಡಿ, ಮರಳುಗಡಿಯಾರ, ಬಡಗಿಯ ಹತಾರಗಳು; ಗೋಡೆಯ ಮೇಲೆ, ಯಾವ ಸಾಲನ್ನು ಕೂಡಿದರೂ 34 ಬರುವ ಮಾಯಾಚೌಕ. ಕೈವಾರವು ಕೈಯಲ್ಲಿದ್ದರೂ ಆಕೆ ಅಳೆಯುತ್ತಿಲ್ಲ. ತಲಕಾಡಿನ ಮರಳಿನ ಮೇಲೆ ಶಾಪವನ್ನು ನೆನೆದು ನಿಟ್ಟುಸಿರಿಡುವ ನಮ್ಮ ಸ್ಥಿತಿಯೂ ಇದೇ ಅಲ್ಲವೆ?

ಹಾಗಾದರೆ ಕಥೆಯನ್ನು ಮರೆಯಬೇಕೆ? ಖಂಡಿತ ಕೂಡದು. ಗೆದ್ದವರ ಚರಿತ್ರೆಯ ನಡುವೆ, ಸೋತ ಪಕ್ಷದ ಹೆಣ್ಣೊಬ್ಬಳಿಗೆ ಅನ್ಯಾಯವಾಯಿತೆಂಬ ನೆನಪನ್ನು ನಾಲ್ಕು ಶತಮಾನಗಳ ಕಾಲ ಕಾಪಾಡಿದ್ದು ಈ ಕಥೆಯೇ. ಮೈಸೂರಿನ ಅರಮನೆಯಲ್ಲಿಯೂ ಅಲಮೇಲಮ್ಮನ ವಿಗ್ರಹಕ್ಕೆ ಪೂಜೆ ಸಲ್ಲುತ್ತದೆ. ಮರುಕಕ್ಕೆ ಪುರಾವೆ ಬೇಕಿಲ್ಲ, ಮರಳಿಗೆ ಬೇಕು.

ಎಲ್ಲವನ್ನೂ ಶಾಪದ ತಲೆಗೆ ಕಟ್ಟಿದರೆ ಮನುಷ್ಯನ ಕೈವಾಡವನ್ನು ವಿಚಾರಿಸುವವರೇ ಇರುವುದಿಲ್ಲ. ಹೊಳೆಗೆ ಅಣೆ ಕಟ್ಟುವವರು ನಾವು, ಮರಳನ್ನು ಬಗೆಯುವವರು ನಾವು, ದಡದ ಮರಗಳನ್ನು ಕಡಿಯುವವರೂ ನಾವೇ. ನಾಳೆ ಇನ್ನೊಂದು ಊರು ಮರಳಾದರೆ ಯಾವ ಅಲಮೇಲಮ್ಮನನ್ನು ದೂರೋಣ? ತಲಕಾಡಿಗೆ ಹೋದ ವಿದ್ಯಾರ್ಥಿಯು ಆಕೆಗಾಗಿ ಒಂದು ಕ್ಷಣ ತಲೆಬಾಗಲಿ. ಆಮೇಲೆ ಒಂದು ಹಿಡಿ ಮರಳನ್ನು ತೂರಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಲಿ.