ಮೇಜಿಗಿಂತ ಮೊದಲು ಬೀದಿ

ಬೆಂಗಳೂರಿನ ಹೊರವಲಯದಲ್ಲಿ ಹೊಸದಾಗಿ ಮನೆ ಮಾಡಿದವರು ಎರಡು ಪ್ರಶ್ನೆ ಕೇಳುತ್ತಾರೆ. ಹತ್ತಿರದಲ್ಲಿ ಒಳ್ಳೆಯ ಕೋವರ್ಕಿಂಗ್ ಜಾಗ ಎಲ್ಲಿದೆ? ನಲ್ಲಿ ರಿಪೇರಿಯವರು, ದರ್ಜಿ, ಜೆರಾಕ್ಸ್ ಅಂಗಡಿ ಎಲ್ಲಿ ಸಿಗುತ್ತಾರೆ? ಮೊದಲನೆಯದು ಉದ್ಯೋಗದ ಮಾತು, ಎರಡನೆಯದು ಮನೆಯ ಮಾತು ಎಂದು ಬೇರ್ಪಡಿಸಿ, ಎರಡಕ್ಕೂ ಉತ್ತರವನ್ನು ಫೋನಿನ ನಕ್ಷೆಯಲ್ಲಿ ಹುಡುಕುವುದು ರೂಢಿ. ಈ ರೂಢಿಯನ್ನು ಒಪ್ಪಲು ನನಗೆ ಕಷ್ಟ. ಇವು ಎರಡಲ್ಲ, ಒಂದೇ ಪ್ರಶ್ನೆ ಎಂಬುದು ನನ್ನ ವಾದ. ಎರಡನೆಯದನ್ನು ಮೊದಲು ಬಿಡಿಸಿಕೊಂಡವರಿಗೆ ಮೊದಲನೆಯದರ ಉತ್ತರ ತಾನಾಗಿ ಹೊಳೆಯುತ್ತದೆ.

ಕೋವರ್ಕಿಂಗ್ ಎಂಬ ಹೆಸರಿನ ವ್ಯವಸ್ಥೆಯನ್ನು 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದವರು ಬ್ರಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್. ಸ್ವತಂತ್ರವಾಗಿ ದುಡಿಯುವವನ ಸ್ವಾತಂತ್ರ್ಯವೂ ಇರಬೇಕು, ಆಫೀಸಿನಲ್ಲಿ ಸಿಗುವ ಒಡನಾಟವೂ ಇರಬೇಕು ಎಂಬುದು ಅವರ ಆಸೆ. ಅಲ್ಲಿ ನೀಗಬೇಕಿದ್ದದ್ದು ಒಂಟಿತನ. ನಮ್ಮ ಉಪನಗರಗಳ ಕೊರತೆಯೇ ಬೇರೆ. ಇಲ್ಲಿ ಉಳಿಸಬೇಕಾಗಿರುವುದು ಹೊತ್ತು.

ಕೆಂಗೇರಿಯನ್ನೇ ನೋಡಿ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಇಲ್ಲಿಗೆ ಬಂತು. 2023ರ ಅಕ್ಟೋಬರ್‌ನಿಂದ ಅದೇ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಸಮನೆ ಓಡುತ್ತಿದೆ. ಆದರೂ ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು ಒಂದೂವರೆ ಗಂಟೆ ಬೇಕು. ಹೋಗಿ ಬರುವುದಕ್ಕೆ ಮೂರು ಗಂಟೆ. ಮನೆಯ ಹತ್ತಿರವೇ ಮೇಜು ಬಾಡಿಗೆಗೆ ಪಡೆಯುವವರು ತಿಂಗಳ ಹಣ ಕೊಟ್ಟು ಕೊಳ್ಳುತ್ತಿರುವುದು ಈ ಮೂರು ಗಂಟೆಗಳನ್ನು.

ಉಳಿದ ಆ ಹೊತ್ತು ಎಲ್ಲಿ ಹೋಗುತ್ತದೆ ಎಂಬುದೇ ಮುಖ್ಯ. ವರ್ತುಲ ರಸ್ತೆಯ ಪಕ್ಕದ ಗಾಜಿನ ಕಟ್ಟಡದಲ್ಲಿ ಮೇಜು ಸಿಕ್ಕಿತೆನ್ನಿ. ವೇಗದ ಇಂಟರ್ನೆಟ್ ಇದೆ, ಕಾಫಿ ಯಂತ್ರವಿದೆ, ಎಸಿ ಇದೆ. ಆದರೆ ಊಟಕ್ಕೆ ಆರ್ಡರ್ ಮಾಡಿ ಕಾಯಬೇಕು. ಸ್ಪೀಡ್ ಪೋಸ್ಟ್ ಮಾಡಲು, ನೋಟರಿ ಹತ್ತಿರ ಹೋಗಲು, ಹೊಲಿಯಲು ಕೊಟ್ಟ ಬಟ್ಟೆ ತರಲು ಪ್ರತಿ ಸಲವೂ ಗಾಡಿ ತೆಗೆಯಬೇಕು. ಉಳಿಸಿದ ಹೊತ್ತು ಚೂರುಚೂರಾಗಿ ಮತ್ತೆ ರಸ್ತೆಯ ಪಾಲಾಗುತ್ತದೆ. ಅದೇ ಹಳೆಯ ಪೇಟೆಬೀದಿಯಲ್ಲಿ, ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಹತ್ತು ಮೇಜುಗಳ ಸಾಧಾರಣ ಜಾಗವಿದ್ದರೆ? ಮೆಟ್ಟಿಲಿಳಿದರೆ ದರ್ಶಿನಿ, ಎದುರಿಗೆ ಜೆರಾಕ್ಸ್, ಪಕ್ಕದಲ್ಲಿ ಔಷಧಿ ಅಂಗಡಿ, ತುಸು ಮುಂದೆ ಹಿಟ್ಟಿನ ಗಿರಣಿ. ಬೆಳಿಗ್ಗೆ ರಾಗಿ ಡಬ್ಬ ಕೊಟ್ಟು ಸಂಜೆ ಹಿಟ್ಟು ಹಿಡಿದು ಮನೆಗೆ ಹೋಗಬಹುದು. ನನ್ನ ಲೆಕ್ಕದಲ್ಲಿ ಎರಡನೆಯದೇ ಮೇಲು.

ಕೆಂಗೇರಿಯಂಥ ಕಡೆ ಈ ಆಯ್ಕೆ ನಿಜವಾಗಿಯೂ ಇದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳ ಜೊತೆಗೆ ಸೇರಿದ ಒಂದೇ ಒಂದು ಪುರಸಭೆ ಕೆಂಗೇರಿ. ಅದು ನಗರದ ಅಂಚಿಗೆ ಅಂಟಿಸಿದ ಬಡಾವಣೆಯಾಗಿರಲಿಲ್ಲ, ತನ್ನದೇ ಪೇಟೆ ಇದ್ದ ಊರು. ಯಲಹಂಕವೂ ಹಾಗೆಯೇ, ಅದು ಕೆಂಪೇಗೌಡರ ಮನೆತನದ ನೆಲೆ. ಇಂಥ ಊರುಗಳ ಪಕ್ಕದಲ್ಲೇ ಉಪನಗರಗಳು ಎದ್ದಿವೆ. ನಾವು ಮಾತ್ರ ಹಳೆಯ ಪೇಟೆಯತ್ತ ಕಣ್ಣು ಹಾಯಿಸದೆ, ಇಲ್ಲಿ ಏನೂ ಸಿಗುವುದಿಲ್ಲ ಎಂದುಬಿಡುತ್ತೇವೆ.

ಹಾಗನ್ನಿಸಲು ನಕ್ಷೆಯೂ ಒಂದು ಕಾರಣ. ಹುಡುಕಿದ ಪದಕ್ಕೆ ಹೊಂದಿಕೆ, ದೂರ, ಪ್ರಸಿದ್ಧಿ ಈ ಮೂರನ್ನು ನೋಡಿ ಸ್ಥಳೀಯ ಫಲಿತಾಂಶಗಳನ್ನು ಜೋಡಿಸುತ್ತೇವೆ ಎಂದು ಗೂಗಲ್ ತಾನೇ ಹೇಳುತ್ತದೆ. ವಿಮರ್ಶೆಗಳ ಸಂಖ್ಯೆಯೂ ಪ್ರಸಿದ್ಧಿಯ ಒಂದು ಅಳತೆ. ಬಿರಿಯಾನಿ ತಿಂದವರು ವಿಮರ್ಶೆ ಬರೆಯುತ್ತಾರೆ. ಇಸ್ತ್ರಿ ಮಾಡಿಸಿಕೊಂಡವರು, ಚಪ್ಪಲಿ ಹೊಲಿಸಿಕೊಂಡವರು ಬರೆಯುತ್ತಾರೆಯೇ? ಮರದ ಕೆಳಗೆ ಕೂತ ಚಮ್ಮಾರರಿಗೆ ಬೋರ್ಡೂ ಇಲ್ಲ, ಅಂಗಡಿ ನಂಬರೂ ಇಲ್ಲ. ದಿನಬಳಕೆಗೆ ಅತಿ ಹೆಚ್ಚು ಬೇಕಾದವರೇ ನಕ್ಷೆಯಲ್ಲಿ ಅತಿ ಕಡಿಮೆ ಕಾಣುತ್ತಾರೆ.

ಅವರನ್ನು ಹುಡುಕುವ ದಾರಿ ಹಳೆಯದು. ನಲ್ಲಿ ರಿಪೇರಿಯವರು ಬೇಕಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಬೇಕು. ಯಾರು ಯಾವ ಸಾಮಾನು ಒಯ್ಯುತ್ತಾರೆ, ಯಾರ ಕೆಲಸದ ಮೇಲೆ ದೂರು ಬರುತ್ತದೆ ಎಂಬುದು ಅಲ್ಲಿಯವರಿಗೆ ಗೊತ್ತು. ಅವರು ತೋರಿಸಿದ ಜನ ಕೆಲಸ ಕೆಡಿಸಿದರೆ ನಾವು ಮರುದಿನ ಅದೇ ಅಂಗಡಿಯ ಮುಂದೆ ನಿಲ್ಲುತ್ತೇವೆ. ಹಾಗಾಗಿ ಅವರ ಮಾತಿಗೆ ಜವಾಬ್ದಾರಿ ಇರುತ್ತದೆ. ನಕ್ಷೆಯಲ್ಲಿ ಐದು ನಕ್ಷತ್ರ ಕೊಟ್ಟವರನ್ನು ನಾವು ಎಲ್ಲಿ ಹೋಗಿ ಕೇಳುವುದು? ಜೇನ್ ಜೇಕಬ್ಸ್ ಅಮೆರಿಕದ ನಗರಗಳ ಬಗ್ಗೆ 1961ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ನ್ಯೂಯಾರ್ಕಿನ ನಿವಾಸಿಗಳು ಬೀದಿಯ ಅಂಗಡಿಯವರ ಬಳಿ ಮನೆಯ ಬೀಗದ ಕೈ ಬಿಟ್ಟುಹೋಗುವುದನ್ನು ವಿವರಿಸಿದ್ದಾರೆ. ಅಂಥ ನಂಬಿಕೆ ಬೆಳೆಯುವುದು ದಿನವೂ ಕಂಡು, ಎರಡು ಮಾತಾಡಿ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಗೌರವಿಸುತ್ತೇನೆ. ನಡುರಾತ್ರಿ ಆಸ್ಪತ್ರೆ ಹುಡುಕುವವರಿಗೆ ನಕ್ಷೆಯೇ ಆಸರೆ. ಭಾಷೆ ಬಾರದೆ ಬಂದವರಿಗೆ, ಅಪರಿಚಿತ ಬೀದಿಯಲ್ಲಿ ಒಬ್ಬರೇ ನಿಂತು ವಿಚಾರಿಸಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಫೋನು ಕೊಡುವ ಧೈರ್ಯ ಸಣ್ಣದಲ್ಲ. ಗೋಪ್ಯ ಕಡತ ನೋಡುವವರಿಗೆ, ದಿನವಿಡೀ ಮೀಟಿಂಗಿನಲ್ಲಿರುವವರಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕೇ ಬೇಕು. ನಕ್ಷೆಯನ್ನಾಗಲಿ ಗಾಜಿನ ಕಟ್ಟಡವನ್ನಾಗಲಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಂದ ಶುರು ಮಾಡಬೇಡಿ ಎನ್ನುತ್ತಿದ್ದೇನೆ.

ಬಾಡಿಗೆ ಕೊಡಲಾರದವರ ಪ್ರಶ್ನೆಯೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಾವು ಆಸ್ತಿ ತೆರಿಗೆಯ ಜೊತೆಗೆ ಅದರ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಅಂದರೆ ಓದುವ, ಬರೆಯುವ ಮೇಜಿಗೆ ಆಗಲೇ ಹಣ ಕೊಟ್ಟಿದ್ದೇವೆ. ಬಡಾವಣೆಯ ಗ್ರಂಥಾಲಯದಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ, ನಿಜ. ಆದರೆ ಅನುವಾದ, ಲೆಕ್ಕಪತ್ರ, ಪರೀಕ್ಷೆಯ ಓದಿನಂಥ ಸದ್ದಿಲ್ಲದ ಕೆಲಸಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಪ್ರತಿ ಮೇಜಿಗೂ ಒಂದು ಪ್ಲಗ್ ಪಾಯಿಂಟ್, ಸಂಜೆ ಎಂಟರವರೆಗೆ ತೆರೆದ ಬಾಗಿಲು ಬೇಕೆಂದು ನಿವಾಸಿ ಸಂಘಗಳು ಒಟ್ಟಾಗಿ ಕೇಳಬೇಕು. ಪಾದಚಾರಿ ಮಾರ್ಗ ತೆರವಿನ ಹೆಸರಿನಲ್ಲಿ ಇಸ್ತ್ರಿ ಗಾಡಿಯನ್ನೂ ಚಮ್ಮಾರರನ್ನೂ ಎಬ್ಬಿಸುವಾಗ ಅದೇ ಸಂಘಗಳು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ನೆನಪಿಸಬೇಕು. ಅವರು ಎದ್ದು ಹೋದರೆ ನಮ್ಮ ಸೇವೆಗಳೇ ದೂರವಾಗುತ್ತವೆ.

ಮುಂಗಡ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ನೋಡಿಟ್ಟ ಜಾಗದಲ್ಲಿ ಒಂದು ದಿನದ ಪಾಸ್ ತೆಗೆದುಕೊಳ್ಳಿ. ಆ ವಾರದ ಮನೆಗೆಲಸಗಳ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು, ಗಾಡಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮಧ್ಯಾಹ್ನದ ಬಿಡುವಿನಲ್ಲಿ ನಡೆದುಕೊಂಡೇ ಅರ್ಧ ಪಟ್ಟಿ ಮುಗಿದರೆ ಆ ಮೇಜನ್ನು ಹಿಡಿಯಿರಿ. ಮುಗಿಯದಿದ್ದರೆ, ಇಂಟರ್ನೆಟ್ ಎಷ್ಟೇ ವೇಗವಾಗಿದ್ದರೂ, ಬೇರೆ ಬೀದಿ ನೋಡಿ.