ಪಕ್ಕದ ಬೆಂಚಿನಲ್ಲಿ ಯಾರಿರುತ್ತಾರೆ?

ಸರ್ಕಾರಿ ಸೇವೆಯಲ್ಲಿದ್ದಾಗಲೇ, 1990ರಲ್ಲಿ, ವಿದ್ಯಾರ್ಥಿವೇತನ ದೊರೆತು ಅರ್ಥಶಾಸ್ತ್ರದ ಎಂ.ಎ. ವ್ಯಾಸಂಗಕ್ಕೆ ಇಂಗ್ಲೆಂಡಿಗೆ ತೆರಳಿದೆ. ಮೊದಲ ವಾರದ ಚರ್ಚೆಯಲ್ಲಿ ಘಾನಾದ ಸಹಪಾಠಿಯೊಬ್ಬರು, ಸರ್ಕಾರಿ ಮಂಡಳಿಯೇ ಬೆಲೆ ಕಟ್ಟಿ ಕೋಕೋ ಕೊಳ್ಳುವ ತಮ್ಮ ದೇಶದ ವ್ಯವಸ್ಥೆಯನ್ನು ವಿವರಿಸಿದರು. ನಮ್ಮ ಕೊಡಗಿನ ಬೆಳೆಗಾರರೂ ಅಂದು ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. ಅದನ್ನು ಸಹಜವೆಂದೇ ಭಾವಿಸಿದ್ದ ಅಧಿಕಾರಿಯಾದ ನಾನು, ಮೊದಲ ಬಾರಿಗೆ ಬೆಳೆಗಾರನ ಕಡೆಯಿಂದ ಯೋಚಿಸಿದೆ. ಪಠ್ಯಪುಸ್ತಕ ಕಲಿಸದ ಪಾಠವದು.

ಅಂಥ ತರಗತಿಗಳು ಈಗ ನಮ್ಮ ವೈಟ್‌ಫೀಲ್ಡಿನಲ್ಲೇ ಸಾಧ್ಯವೆಂಬ ನಿರೀಕ್ಷೆ ಮೂಡಿದೆ. ವಿದೇಶಿ ವಿಶ್ವವಿದ್ಯಾಲಯಗಳ ಕ್ಯಾಂಪಸ್‌ಗಳಿಗೆ ಯುಜಿಸಿ 2023ರಲ್ಲಿ ನಿಯಮ ರೂಪಿಸಿತು. 2025ರ ಮೇ ತಿಂಗಳಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಸಮ್ಮತಿ ಪತ್ರವೂ ದೊರೆಯಿತು.

ಇದು ಸ್ವಾಗತಾರ್ಹ. ಆದರೆ ಈ ನಿಯಮಗಳ ಪ್ರಕಾರ ಶುಲ್ಕವನ್ನೂ ಪ್ರವೇಶದ ಮಾನದಂಡವನ್ನೂ ಆಯಾ ಸಂಸ್ಥೆಯೇ ನಿರ್ಧರಿಸುತ್ತದೆ. ವಿದ್ಯಾರ್ಥಿವೇತನವನ್ನು ಅದು ನೀಡಬಹುದು; ನೀಡಲೇಬೇಕೆಂದಿಲ್ಲ. ಪದವಿ ಪತ್ರದ ಮೇಲೆ ವಿದೇಶದ ಮುದ್ರೆಯಿದ್ದ ಮಾತ್ರಕ್ಕೆ ತರಗತಿ ಅಂತರರಾಷ್ಟ್ರೀಯವಾಗದು. ಬೆಂಗಳೂರಿನ ಉಳ್ಳವರ ಮಕ್ಕಳೇ ಅಲ್ಲಿ ತುಂಬಿಕೊಂಡರೆ ಯಾರು ಯಾರಿಂದ ಕಲಿಯುವುದು?

ಆಫ್ರಿಕಾ ಹಾಗೂ ನೆರೆಯ ದೇಶಗಳ ವಿದ್ಯಾರ್ಥಿಗಳಿಗೂ, ನಮ್ಮ ಜಿಲ್ಲಾ ಕೇಂದ್ರಗಳ ಸರ್ಕಾರಿ ಕಾಲೇಜುಗಳ ಪದವೀಧರರಿಗೂ ಒಂದಿಷ್ಟು ಸ್ಥಾನಗಳನ್ನು ವಿದ್ಯಾರ್ಥಿವೇತನ ಸಹಿತ ಮೀಸಲಿಡುವಂತೆ ರಾಜ್ಯ ಸರ್ಕಾರ ಈ ಸಂಸ್ಥೆಗಳೊಡನೆ ಮಾತುಕತೆ ನಡೆಸಿ, ಲಿಖಿತ ಭರವಸೆ ಪಡೆಯಬೇಕು. ರಿಯಾಯಿತಿ ನೀಡುವ ಮುನ್ನವೇ ಈ ಕೆಲಸ ಆಗಬೇಕು.

ನಾನಾಗಲಿ, ಘಾನಾದ ಆ ಗೆಳೆಯರಾಗಲಿ ಸ್ವಂತ ಹಣದಿಂದ ಆ ಬೆಂಚಿಗೆ ತಲುಪಿದವರಲ್ಲ. ನಮ್ಮಿಬ್ಬರ ಶುಲ್ಕವನ್ನೂ ಬೇರೆಯವರು ಭರಿಸಿದ್ದರು.