ಚಿಕ್ಕ ಪಿಸ್ತೂಲಿನ ದಣಿದ ಸ್ಪ್ರಿಂಗು

ಕೆಡದಿರುವ ವಸ್ತುವನ್ನು ತೆಗೆದು ಹೊಸದನ್ನು ಹಾಕುವುದು ದುಂದುವೆಚ್ಚವೆಂದು ನಮ್ಮಲ್ಲಿ ಬಹುಮಂದಿಯ ಭಾವನೆ. ಚಪ್ಪಲಿಯ ಬಾರು ಕಿತ್ತ ಮೇಲೆ ಹೊಲಿಸುತ್ತೇವೆ. ಬಾವಿಯ ಹಗ್ಗ ಹರಿದು ಕೊಡ ತಳ ಸೇರಿದ ಮೇಲೆ ಹೊಸ ಹಗ್ಗ ತರುತ್ತೇವೆ. ಚಪ್ಪಲಿಯ ಮಟ್ಟಿಗೆ ಈ ಮಿತವ್ಯಯದಿಂದ ಹಾನಿಯೇನೂ ಇಲ್ಲ. ಆದರೆ ಕೆಲವು ವಸ್ತುಗಳು ತಾವು ಕೆಡುತ್ತಿರುವುದನ್ನು ಹೊರಗೆ ತೋರಗೊಡುವುದಿಲ್ಲ. ಅವು ಕೈಕೊಡುವ ಗಳಿಗೆಯೇ ಅವುಗಳ ಅಗತ್ಯ ಅತ್ಯಧಿಕವಾಗಿರುವ ಗಳಿಗೆಯೂ ಆಗಿರಬಹುದು. ಇಂಥವನ್ನು ಕೆಟ್ಟ ಮೇಲಲ್ಲ, ಕೆಡುವುದಕ್ಕೆ ಮೊದಲೇ ಲೆಕ್ಕವಿಟ್ಟು ಬದಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಇದನ್ನು ಸಮರ್ಥಿಸಲು ನಾವು ಆರಿಸಿಕೊಂಡಿರುವ ಉದಾಹರಣೆ ವಾಚಕರಿಗೆ ತುಸು ವಿಚಿತ್ರವೆನಿಸಬಹುದು. ಅದು ಚಿಕ್ಕ ಪಿಸ್ತೂಲಿನೊಳಗೆ ಅಡಗಿರುವ ಹಿನ್ನೊದೆತದ ಸ್ಪ್ರಿಂಗು.

ಪಿಸ್ತೂಲು ವಿದ್ಯಾರ್ಥಿಗಳ ಕೈಗೆ ಬರಬೇಕಾದ ವಸ್ತುವಲ್ಲ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಅದನ್ನು ದುರಸ್ತಿ ಮಾಡುವ ಕಸುಬಿಗೂ ಪರವಾನಗಿ ಬೇಕು. ಆದರೆ ಪೊಲೀಸರೂ ಸೈನಿಕರೂ ಅದನ್ನು ಧರಿಸಬೇಕಾಗಿದೆ. ಅವರ ಪ್ರಾಣವೂ ಅವರು ಕಾಯುವವರ ಪ್ರಾಣವೂ ಕೆಲವೊಮ್ಮೆ ಆ ಯಂತ್ರದ ನಂಬಿಕೆಯ ಮೇಲೆ ನಿಂತಿರುತ್ತವೆ. ಅಲ್ಲದೆ, ತರಗತಿಯಲ್ಲಿ ಓದುವ ಚಲನ ನಿಯಮಗಳೂ ಸ್ಥಿತಿಸ್ಥಾಪಕತೆಯೂ ಇಷ್ಟು ಸಣ್ಣ ಜಾಗದಲ್ಲಿ ಒಟ್ಟಿಗೆ ಕೆಲಸಮಾಡುವ ನಿದರ್ಶನ ಮತ್ತೊಂದು ಸಿಕ್ಕುವುದು ಕಷ್ಟ.

ತಾನಾಗಿಯೇ ತೋಟಾ ತುಂಬಿಕೊಳ್ಳುವ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಕವಚವೊಂದುಂಟು. ಇದಕ್ಕೆ ಸ್ಲೈಡು ಎಂದು ಹೆಸರು. ಗುಂಡು ನಳಿಗೆಯಿಂದ ಮುಂದಕ್ಕೆ ಹಾರುವಾಗ, ನ್ಯೂಟನ್ನನ ಮೂರನೆಯ ನಿಯಮಕ್ಕೆ ಅನುಸಾರವಾಗಿ ಸ್ಲೈಡು ಹಿಂದಕ್ಕೆ ಒದೆಯಲ್ಪಡುತ್ತದೆ. ಹೋಗುವಾಗ ಅದು ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ತನ್ನ ಕೆಳಗಿರುವ ಸ್ಪ್ರಿಂಗನ್ನು ಅದುಮುತ್ತದೆ. ಅದುಮಿದ ಸ್ಪ್ರಿಂಗು ಕೂಡಲೇ ಹಿಗ್ಗಿ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ; ಬರುವ ದಾರಿಯಲ್ಲಿ ಸ್ಲೈಡು ಹೊಸ ತೋಟಾವೊಂದನ್ನು ನಳಿಗೆಯ ಹಿಂಬದಿಗೆ ಸೇರಿಸಿ ಬಾಯಿ ಮುಚ್ಚುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ಎಂದರೆ ಸ್ಪ್ರಿಂಗಿಗೆ ಎರಡು ಹೊಣೆಗಳಿವೆ: ಹಿಂದಕ್ಕೆ ಬರುವ ಸ್ಲೈಡಿನ ರಭಸವನ್ನು ತಗ್ಗಿಸುವುದು ಒಂದು, ಆ ಶಕ್ತಿಯನ್ನು ಕೂಡಿಟ್ಟು ಸ್ಲೈಡನ್ನು ಮರಳಿ ಮುಚ್ಚುವುದು ಇನ್ನೊಂದು.

ಈ ಏರ್ಪಾಟನ್ನು ರೂಪಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್ (1855–1926). ಅವನ ವಿನ್ಯಾಸದಂತೆ ಕೋಲ್ಟ್ ಕಂಪನಿ ತಯಾರಿಸಿದ .45 ಪಿಸ್ತೂಲನ್ನು ಅಮೆರಿಕದ ಸೈನ್ಯ 1911ರಲ್ಲಿ ಅಂಗೀಕರಿಸಿತು. ಅದಕ್ಕೆ ಮುಂಚೆ ನಡೆದ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡುಗಳನ್ನು ಹಾರಿಸಿ ನೋಡಿದರು. ಅದರ ನಳಿಗೆ 5 ಅಂಗುಲ ಉದ್ದ; ಒಳಗಿನ ಸ್ಪ್ರಿಂಗಿಗೆ ಕೈಕಾಲು ಚಾಚಲು ಬೇಕಾದಷ್ಟು ಸ್ಥಳ. ಕಾಲಕ್ರಮದಲ್ಲಿ ಬಟ್ಟೆಯ ಮರೆಯಲ್ಲಿ ಇಟ್ಟುಕೊಳ್ಳಬಲ್ಲ ಪುಟ್ಟ ಪಿಸ್ತೂಲುಗಳಿಗೆ ಬೇಡಿಕೆ ಹೆಚ್ಚಿತು. 1985ರಲ್ಲಿ ಕೋಲ್ಟ್ ಕಂಪನಿಯೇ ಇದೇ ವಿನ್ಯಾಸವನ್ನು 3½ ಅಂಗುಲದ ನಳಿಗೆಗೆ ಕುಗ್ಗಿಸಿ ಮಾರಾಟಕ್ಕೆ ತಂದಿತು. ತೊಡಕು ಪ್ರಾರಂಭವಾದುದು ಇಲ್ಲಿಯೇ.

ಪಿಸ್ತೂಲನ್ನು ಗಿಡ್ಡ ಮಾಡಬಹುದು. ತೋಟಾವನ್ನು ಗಿಡ್ಡ ಮಾಡುವಂತಿಲ್ಲ. ಲೋಕಪ್ರಸಿದ್ಧವಾದ 9 ಮಿಲಿಮೀಟರಿನ ತೋಟಾ ಸುಮಾರು 30 ಮಿಲಿಮೀಟರು ಉದ್ದವಿದೆ. ಅದನ್ನು ಎತ್ತಿಕೊಳ್ಳಬೇಕಾದರೆ ಸ್ಲೈಡು ಅದಕ್ಕಿಂತ ಹೆಚ್ಚು ದೂರ ಹಿಂದೆ ಸರಿಯಲೇಬೇಕು. ಆದುದರಿಂದ ಚಿಕ್ಕ ಪಿಸ್ತೂಲಿನಲ್ಲಿ ಸ್ಪ್ರಿಂಗಿನ ಮನೆ ಕುಗ್ಗಿತಾದರೂ ಅದು ಕುಗ್ಗಬೇಕಾದ ದೂರ ಅಷ್ಟಾಗಿ ಕುಗ್ಗಲಿಲ್ಲ. ಉದ್ದವಾದ ಸ್ಪ್ರಿಂಗು ತನ್ನ ಉದ್ದದ ಒಂದು ಭಾಗವನ್ನಷ್ಟೆ ಬಿಟ್ಟುಕೊಟ್ಟರೆ ಸಾಕಾಗಿದ್ದಲ್ಲಿ, ಗಿಡ್ಡ ಸ್ಪ್ರಿಂಗು ಸುತ್ತಿಗೆ ಸುತ್ತು ತಾಗುವಷ್ಟರ ಮಟ್ಟಿಗೆ ಮುದುಡಬೇಕಾಗುತ್ತದೆ.

ಇಷ್ಟೇ ಅಲ್ಲ. ಚಿಕ್ಕ ಪಿಸ್ತೂಲಿನ ಸ್ಲೈಡು ಹಗುರವಾದುದು. ಹಗುರವಾದರೆ ಸ್ಪ್ರಿಂಗಿನ ಹೊರೆಯೂ ಕಡಿಮೆಯಾದೀತೆಂದು ನಮಗೆ ತೋರುವುದು ಸಹಜ. ಲೆಕ್ಕ ಹಾಕಿ ನೋಡೋಣ. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 350 ಮೀಟರು ವೇಗದಲ್ಲಿ ಹೊರಟಿತೆಂದು ಇಟ್ಟುಕೊಳ್ಳಿ. ಅದರ ಸಂವೇಗ 0.008 × 350 = 2.8 ಕಿಲೋಗ್ರಾಂ-ಮೀಟರು ಪ್ರತಿ ಸೆಕೆಂಡಿಗೆ. ಮದ್ದಿನ ಅನಿಲದ ಪಾಲನ್ನು ಸದ್ಯಕ್ಕೆ ಬಿಟ್ಟರೆ, ಸ್ಲೈಡಿಗೂ ಅದರೊಂದಿಗೆ ಸರಿಯುವ ನಳಿಗೆಗೂ ಹಿಮ್ಮುಖವಾಗಿ ಇಷ್ಟೇ ಸಂವೇಗ ದೊರೆಯುತ್ತದೆ. ಈ ಭಾಗಗಳ ತೂಕ ಅರ್ಧ ಕಿಲೋಗ್ರಾಂ ಇದ್ದರೆ ಅವುಗಳ ವೇಗ ಸೆಕೆಂಡಿಗೆ 5.6 ಮೀಟರು, ಚಲನಶಕ್ತಿ ಸುಮಾರು 7.8 ಜೌಲು. ತೂಕ 400 ಗ್ರಾಮಿಗೆ ಇಳಿದರೆ ವೇಗ 7 ಮೀಟರಿಗೆ ಏರುತ್ತದೆ, ಚಲನಶಕ್ತಿ 9.8 ಜೌಲಿಗೆ ಏರುತ್ತದೆ. ತೂಕ ಐದನೆಯ ಒಂದು ಪಾಲು ಇಳಿಯಿತು. ಸ್ಪ್ರಿಂಗು ಎದುರಿಸಬೇಕಾದ ಶಕ್ತಿ ನಾಲ್ಕನೆಯ ಒಂದು ಪಾಲು ಏರಿತು! ನಳಿಗೆ ಗಿಡ್ಡವಾದಾಗ ಗುಂಡಿನ ವೇಗವೂ ಕೊಂಚ ತಗ್ಗುವುದು ನಿಜ; ಆದರೆ ಈ ಏರಿಕೆಯನ್ನು ಅಳಿಸಿಹಾಕುವಷ್ಟು ಅದು ತಗ್ಗುವುದಿಲ್ಲ. ಹೀಗೆ ಚಿಕ್ಕ ಮನೆಯಲ್ಲಿ ದೊಡ್ಡ ಸಂಸಾರವನ್ನು ನಡೆಸುವ ಹೊಣೆ ಆ ಗಿಡ್ಡ ಸ್ಪ್ರಿಂಗಿನ ಮೇಲೆ ಬೀಳುತ್ತದೆ. ಆದಕಾರಣವೇ ಇಂಥ ಪಿಸ್ತೂಲುಗಳಲ್ಲಿ ಬಲವಾದ ಸ್ಪ್ರಿಂಗನ್ನೋ, ಒಂದರೊಳಗೊಂದು ಕೂರುವ ಜೋಡಿ ಸ್ಪ್ರಿಂಗುಗಳನ್ನೋ ಇಡುತ್ತಾರೆ.

ಸ್ಪ್ರಿಂಗು ಎಷ್ಟು ಚಾಚಿದರೆ ಅಷ್ಟು ಬಲ ಬೀರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳ ಒಗಟಾಗಿ ಬಚ್ಚಿಟ್ಟು, 1678ರಲ್ಲಿ ಬಿಡಿಸಿ ಹೇಳಿದನು. ಆದರೆ ಒಮ್ಮೆ ಅದುಮಿದಾಗ ಏನಾಗುತ್ತದೆಂಬುದನ್ನು ಮಾತ್ರ ಈ ನಿಯಮ ತಿಳಿಸುತ್ತದೆ. ಸಾವಿರ ಬಾರಿ ಅದುಮಿದರೆ ಏನಾದೀತೆಂಬುದನ್ನು ತಿಳಿಸುವುದಿಲ್ಲ. ಆ ಪಾಠವನ್ನು ಮಾನವನು ಕಲಿತದ್ದು ಬಹು ದುಬಾರಿಯಾಗಿ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಮಡಿದರು. ಅಚ್ಚು ಹೊರುತ್ತಿದ್ದುದು ತನಗೆ ವಿಧಿಸಿದ ಭಾರವನ್ನೇ, ಆದರೂ ಮುರಿಯಿತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ, ಲೋಹವು ಒಂದೇ ಬಾರಿಗೆ ಸುಲಭವಾಗಿ ತಾಳಬಲ್ಲ ಭಾರವೂ ಮತ್ತೆ ಮತ್ತೆ ಬಂದರೆ ಅದನ್ನು ಮುರಿಯಬಲ್ಲುದೆಂದು ತೋರಿಸಿದನು. ಇದಕ್ಕೆ ಲೋಹದ ದಣಿವು ಎಂದು ಹೆಸರು. ಹೊರೆ ಹೆಚ್ಚಿದಂತೆ, ತಾಳಬಲ್ಲ ಆವೃತ್ತಿಗಳ ಸಂಖ್ಯೆ ವೇಗವಾಗಿ ಇಳಿಯುತ್ತದೆ ಎಂಬುದು ಅವನ ಪ್ರಯೋಗಗಳ ಸಾರ.

ಈ ಸಾರವನ್ನು ನಮ್ಮ ಗಿಡ್ಡ ಸ್ಪ್ರಿಂಗಿಗೆ ಅನ್ವಯಿಸಿದರೆ ಎಲ್ಲವೂ ಸ್ಪಷ್ಟವಾಗುತ್ತದೆ. ಪೂರ್ಣ ಗಾತ್ರದ ಪಿಸ್ತೂಲಿನ ಸ್ಪ್ರಿಂಗನ್ನು ಸುಮಾರು 2,000ದಿಂದ 3,000 ಗುಂಡುಗಳಿಗೊಮ್ಮೆ ಬದಲಿಸಬೇಕೆಂದು ತಜ್ಞರು ಸಾಮಾನ್ಯವಾಗಿ ಸಲಹೆ ಮಾಡುವುದುಂಟು. ಕೆಲವು ಪುಟ್ಟ ಪಿಸ್ತೂಲುಗಳಿಗೆ 500ರಿಂದ 1,000 ಗುಂಡುಗಳಿಗೊಮ್ಮೆ. ವಿನ್ಯಾಸದಿಂದ ವಿನ್ಯಾಸಕ್ಕೆ ಈ ಅಂಕೆ ವ್ಯತ್ಯಾಸವಾಗುತ್ತದೆ. ತಯಾರಕರು ಕೊಟ್ಟ ಅಂಕೆಯೇ ಪ್ರಮಾಣ. ಆದರೆ ಕುಗ್ಗಿದ ಗಾತ್ರಕ್ಕೆ ತೆರಬೇಕಾದ ಬೆಲೆಯಿದು ಎಂಬುದರಲ್ಲಿ ಸಂದೇಹವಿಲ್ಲ.

ಬದಲಿಸದಿದ್ದರೆ ಆಗುವುದೇನು? ಸ್ಪ್ರಿಂಗು ಮೊದಲು ತನ್ನ ಉದ್ದವನ್ನು ಕಳೆದುಕೊಂಡು ಸೊರಗುತ್ತದೆ. ಸೊರಗಿದ ಸ್ಪ್ರಿಂಗು ಸ್ಲೈಡಿನ ರಭಸವನ್ನು ತಡೆಯಲಾರದು. ಸ್ಲೈಡು ಬಂದು ಚೌಕಟ್ಟಿಗೆ ಹೆಚ್ಚು ರಭಸದಿಂದ ಅಪ್ಪಳಿಸುತ್ತದೆ. ಅದೇ ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ತಳ್ಳುವಾಗಲೂ ಬಲಗುಂದಿರುತ್ತದೆ. ಆಗ ಹೊಸ ತೋಟಾ ಪೂರ್ತಿ ಒಳಹೋಗದೆ ಸ್ಲೈಡು ಅರೆ ತೆರೆದು ನಿಲ್ಲಬಹುದು. ಬಾಯಿ ಮುಚ್ಚದ ಪಿಸ್ತೂಲು ಸಿಡಿಯಬಾರದೆಂದು ವಿನ್ಯಾಸಕಾರರು ಅದಕ್ಕೆ ತಡೆ ಇಟ್ಟಿದ್ದಾರೆ; ಆದ್ದರಿಂದ ಕುದುರೆಯನ್ನು ಒತ್ತಿದರೂ ಗುಂಡು ಹೊರಡುವುದಿಲ್ಲ. ಅಪಾಯದ ಎದುರಿನಲ್ಲಿ ನಿಂತ ಪೇದೆಯ ಕೈಯಲ್ಲಿ ಆ ಗಳಿಗೆಗೆ ಉಳಿಯುವುದು ಒಂದು ಉಕ್ಕಿನ ತುಂಡು ಮಾತ್ರ. ಇಲ್ಲಿ ಗಮನಿಸಬೇಕಾದ ವಿಪರ್ಯಾಸವೊಂದುಂಟು. ಅಭ್ಯಾಸವನ್ನು ಶ್ರದ್ಧೆಯಿಂದ ಮಾಡಿದವನ ಪಿಸ್ತೂಲೇ ಬೇಗ ದಣಿಯುತ್ತದೆ. ಬದಲಿ ಸ್ಪ್ರಿಂಗನ್ನು ಒದಗಿಸದಿದ್ದರೆ ಅವನ ಶ್ರದ್ಧೆಗೆ ನಾವು ದಂಡ ವಿಧಿಸಿದಂತಾಗುತ್ತದೆ.

ನಮ್ಮ ವಾದಕ್ಕೆ ಮೂರು ಆಕ್ಷೇಪಣೆಗಳನ್ನು ಎತ್ತಬಹುದು. ಕಣ್ಣಿಂದ ನೋಡಿ, ಉದ್ದ ಅಳೆದು ನಿರ್ಧರಿಸಬಾರದೇಕೆ ಎಂಬುದು ಮೊದಲನೆಯದು. ಅಳೆಯುವುದು ಒಳ್ಳೆಯದೇ, ಹೊಸ ಸ್ಪ್ರಿಂಗಿನ ಪಕ್ಕದಲ್ಲಿ ಹಳೆಯದನ್ನಿಟ್ಟರೆ ಎಷ್ಟು ಸೊರಗಿದೆಯೆಂದು ತಿಳಿಯುತ್ತದೆ. ಆದರೆ ದಣಿವಿನ ಬಿರುಕು ಹುಟ್ಟುವುದು ತಂತಿಯ ಮೇಲ್ಮೈಯ ಯಾವುದೋ ಸೂಕ್ಷ್ಮವಾದ ಗೀರಿನಲ್ಲಿ, ತುಕ್ಕಿನ ಚುಕ್ಕೆಯಲ್ಲಿ. ಅದು ಅಳತೆಗೋಲಿಗೆ ಸಿಕ್ಕುವುದಿಲ್ಲ. 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಸೀಳಿ ಸಮುದ್ರಕ್ಕೆ ಬಿದ್ದವು. ಕಾರಣವನ್ನು ಹುಡುಕಲು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅದೇ ಬಗೆಯ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿರಿಸಿ, ನೀರಿನ ಒತ್ತಡವನ್ನು ಏರಿಸಿ ಇಳಿಸಿ ನೋಡಿದರು. ಅದು ಹಿಂದೆ ನಡೆಸಿದ್ದ ಹಾರಾಟಗಳನ್ನೂ ಸೇರಿಸಿ ಸುಮಾರು 3,000 ಹಾರಾಟಗಳಿಗೆ ಸಮನಾದ ಆವೃತ್ತಿಗಳಾದಾಗ ಒಡಲು ಬಿರಿಯಿತು. ಅಂದಿನಿಂದ ವಿಮಾನದ ಆಯುಷ್ಯವನ್ನು ವರ್ಷಗಳಲ್ಲಷ್ಟೇ ಅಲ್ಲದೆ ಹಾರಾಟಗಳ ಎಣಿಕೆಯಲ್ಲೂ ಕಟ್ಟುವುದು ರೂಢಿಗೆ ಬಂತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿಯೂ ವಿಮಾನದ ಭಾಗಗಳನ್ನು ಹೀಗೆಯೇ ದಣಿಸಿ ಪರೀಕ್ಷಿಸುತ್ತಾರೆ.

ಎರಡನೆಯ ಆಕ್ಷೇಪಣೆ ಖರ್ಚಿನದು. ಆದರೆ ಪಿಸ್ತೂಲಿನ ಬೆಲೆಯ ಮುಂದೆ ಸ್ಪ್ರಿಂಗಿನ ಬೆಲೆ ಅತ್ಯಲ್ಪ. ಅದನ್ನು ಉಳಿಸಲು ಹೋಗಿ ಚೌಕಟ್ಟನ್ನೇ ಬಿರಿಯಗೊಟ್ಟರೆ ಅದು ಯಾವ ಮಿತವ್ಯಯ? ಮೂರನೆಯವರು ಇನ್ನೂ ಜಾಣರು: ಪದೇ ಪದೇ ಬದಲಿಸುವ ಗೋಜೇಕೆ, ಒಮ್ಮೆಯೇ ಇನ್ನಷ್ಟು ಗಡುಸಾದ ಸ್ಪ್ರಿಂಗನ್ನು ಹಾಕಿಬಿಡೋಣವೆನ್ನುತ್ತಾರೆ. ಇದು ಸರಿಯಲ್ಲ. ಮಿತಿಮೀರಿ ಗಡುಸಾದರೆ ಸ್ಲೈಡು ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಸಿಕ್ಕಿಕೊಳ್ಳಬಹುದು, ಹೊಸ ತೋಟಾ ಕೈತಪ್ಪಬಹುದು. ಸ್ಪ್ರಿಂಗು, ಸ್ಲೈಡು, ಮದ್ದು ಈ ಮೂರೂ ಒಂದಕ್ಕೊಂದು ತೂಗಿ ನಿಂತ ತಕ್ಕಡಿಯಂತೆ. ಆದುದರಿಂದ ತಯಾರಕರು ನಿಗದಿಮಾಡಿದ ಸ್ಪ್ರಿಂಗನ್ನೇ, ಬಲ್ಲ ಆಯುಧಗಾರನ ಕೈಯಿಂದಲೇ ಹಾಕಿಸಬೇಕು.

ಎಷ್ಟು ಕಾಲಕ್ಕೊಮ್ಮೆ ಎಂಬ ಪ್ರಶ್ನೆಗೆ ಪಂಚಾಂಗ ಉತ್ತರ ಹೇಳಲಾರದು. ಹತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿ ಐವತ್ತು ಗುಂಡು ಹಾರಿಸಿದ ಪಿಸ್ತೂಲಿಗಿಂತ, ಒಂದೇ ವರ್ಷದಲ್ಲಿ ಮೂರು ಸಾವಿರ ಹಾರಿಸಿದ ಪಿಸ್ತೂಲು ಹೆಚ್ಚು ಮುದಿಯಾದುದು. ಒಂದೊಂದು ಆಯುಧಕ್ಕೂ ಒಂದು ಪುಟ್ಟ ಪುಸ್ತಕವಿರಲಿ. ಹಾರಿಸಿದ ಗುಂಡುಗಳ ಸಂಖ್ಯೆ, ಸ್ಪ್ರಿಂಗು ಬದಲಿಸಿದ ದಿನ, ಇಷ್ಟನ್ನು ಅದರಲ್ಲಿ ಬರೆಯಲಿ. ನಾವು ಕೇಳುವುದು ಇಷ್ಟೇ.

ಈ ಬುದ್ಧಿ ಪಿಸ್ತೂಲಿಗೆ ಮಾತ್ರ ಮೀಸಲಲ್ಲ. ಅಡಿಗೆಮನೆಯ ಅನಿಲದ ರಬ್ಬರು ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂದು ತೈಲ ಕಂಪನಿಗಳು ತಿಳಿಸುತ್ತವೆ. ಅದು ಸೋರುವ ತನಕ ಕಾಯುವ ಮನೆಗಳು ಎಷ್ಟಿವೆಯೋ! ಸೈಕಲ್ಲಿನ ಬ್ರೇಕಿನ ತಂತಿ, ಲಿಫ್ಟಿನ ಉಕ್ಕಿನ ಹಗ್ಗ, ಬಸ್ಸಿನ ಟೈರು, ಇವೆಲ್ಲ ನಿನ್ನೆ ಕೆಲಸ ಮಾಡಿದುವೆಂಬುದು ಇಂದೂ ಮಾಡುವುವೆಂಬುದಕ್ಕೆ ಪ್ರಮಾಣವಲ್ಲ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒತ್ತಿ ಬರೆಯುವ ಎರಡು ಹಳೆಯ ಪೆನ್ನುಗಳಿಂದ ಒಂದೇ ಬಗೆಯ ಸ್ಪ್ರಿಂಗುಗಳನ್ನು ತೆಗೆದು ಅವುಗಳ ಉದ್ದವನ್ನು ಅಳೆಯಿರಿ. ಒಂದನ್ನು ಮಿತವಾಗಿಯೂ ಇನ್ನೊಂದನ್ನು ಸುತ್ತಿಗೆ ಸುತ್ತು ತಾಗುವಂತೆಯೂ ಸಾವಿರ ಬಾರಿ ಅದುಮಿ, ಮತ್ತೆ ಅಳೆದು ಎರಡೂ ಅಂಕೆಗಳನ್ನು ಬರೆದಿಡಿ. ಉದ್ದದಲ್ಲಿ ವ್ಯತ್ಯಾಸ ಕಂಡರೆ ಸ್ಪ್ರಿಂಗು ಸೊರಗಿದೆಯೆಂದು ತಿಳಿಯಿರಿ. ಕಾಣದಿದ್ದರೆ, ದಣಿವು ಎಷ್ಟು ಚೆನ್ನಾಗಿ ಅಡಗಿರಬಲ್ಲುದೆಂಬುದನ್ನು ಆಲೋಚಿಸಿರಿ.